ಹೆಣ ತೊಳೆಯುವ ಸೊಸೆ

ಗಂಡ ತೀರಿಕೊಂಡ ಮೇಲೆ ಕಿರಿಸೊಸೆ ಆಸ್ಪತ್ರೆಯಲ್ಲಿ ಹೆಣ ತೊಳೆಯುವ ಕೆಲಸಕ್ಕೆ ಸೇರಿದಳು. ಅಂದಿನಿಂದ ಮನೆಗೆ ಹಿತ್ತಿಲ ಬಾಗಿಲಿನಿಂದಲೇ ಬರಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು, ಆಮೇಲೂ ದೇವರ ಕೋಣೆಯ ಹೊಸ್ತಿಲು ತುಳಿಯಕೂಡದು. ಇದು ಗಂಡನ ಅಣ್ಣನ ಕಟ್ಟಪ್ಪಣೆ. ಭಾವನದು ಹಾಲಿನ ವ್ಯಾಪಾರ. ಹೊತ್ತು ಹೊತ್ತಿಗೆ ಮೀಯುವ ಮನುಷ್ಯ. ಅವಳ ಬಟ್ಟೆ ಒಣಹಾಕುವ ಹಗ್ಗವೂ ಬೇರೆ. "ಭಾವನಿಗೆ ನನ್ನ ಸೋಪಿನ ಮೇಲೂ ಅನುಮಾನ," ಎಂದು ಅವಳು ಅತ್ತೆಯ ಮುಂದೆ ನಗುತ್ತಿದ್ದಳು. ಅತ್ತೆಯೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಮೇಜಿನ ಮೇಲೆ ಬಂದದ್ದು ಆಗಷ್ಟೇ ನಡೆಯಲು ಕಲಿತ ಹೆಣ್ಣುಮಗು. ವಾಂತಿಭೇದಿಯಲ್ಲಿ ಹೋಗಿತ್ತು. ಗದ್ದಕ್ಕೆ, ಕೂದಲಿಗೆ ಹಾಲು ಒಣಗಿ ಅಂಟಿತ್ತು. ಅವಳು ಬೆಚ್ಚನೆ ನೀರಿನಲ್ಲಿ ಒರೆಸುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ತಾಯಿ ತಾನಾಗಿಯೇ ಹೇಳಿದಳು: "ಹಾಲಿಗೆ ಏನೋ ಪುಡಿ ಬೆರೆಸಿದ್ರಂತೆ, ಡಾಕ್ಟ್ರು ಹೇಳಿದ್ರು. ಬೇಡ ಬೇಡ ಅಂತಿತ್ತು. ನಾನೇ ಗದರಿಸಿ ಕುಡಿಸಿದೆ."

"ಎಲ್ಲಿಂದ ತಂದ್ರಿ?"

ತಾಯಿ ಹೇಳಿದ್ದು ಭಾವನ ಅಂಗಡಿ.

ಕಿರಿಸೊಸೆಯ ಕೈ ನಿಂತಿತು. ಭಾವ ಕ್ಯಾನುಗಳಿಗೆ ಬಿಳಿ ಪುಡಿ ಸುರಿಯುವುದನ್ನು ಅವಳು ಕಂಡಿದ್ದಳು. ಅತ್ತೆಯೂ ಕಂಡಿದ್ದಳು. ಮನೆಯ ಮಾತು ಬೀದಿಗೆ ಬೀಳಬಾರದೆಂದು ಇಬ್ಬರೂ ತುಟಿ ಹೊಲಿದುಕೊಂಡಿದ್ದರು. ಮಗುವಿನ ಕೂದಲು ಬಾಚಿ, ಬಟ್ಟೆ ಹೊದಿಸಿ ತಾಯಿಯ ಕೈಗಿಡುವಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಂದು ಅವಳು ಮುಂಬಾಗಿಲಿನಿಂದ ಬಂದಳು. ಭಾವ ದೇವರ ಮುಂದೆ ಕೂತಿದ್ದ.

"ಹಿತ್ತಿಲಿಂದ ಬಾ. ಮನೆಯೆಲ್ಲ ಮೈಲಿಗೆ ಮಾಡ್ತೀಯಲ್ಲ," ಎಂದ, ತಿರುಗಿಯೂ ನೋಡದೆ.

ಅವಳು ಹೊಸ್ತಿಲು ದಾಟಿ ಅವನ ಪಕ್ಕದಲ್ಲೇ ನಿಂತಳು. "ಇವತ್ತು ನಾನು ತೊಳೆದದ್ದು ನಿಮ್ಮ ಹಾಲು ಕುಡಿದ ಮಗೂನ."

"ಸತ್ತೋರ ಮನೆಯೋರು ನೂರು ಹೇಳ್ತಾರೆ. ನೀನು ಮೊದಲು ಸ್ನಾನ ಮಾಡು, ನಡಿ."

"ಮಗು ಸತ್ತಿದೆ ಭಾವ. ನಿಮಗೆ ನನ್ನ ಸ್ನಾನದ ಚಿಂತೆ. ಆ ಪುಡಿ ಮುಟ್ಟಿದ ಕೈಯಲ್ಲೇ ದೀಪ ಹಚ್ತೀರಲ್ಲ, ಅದಕ್ಕೆ ಯಾವ ನೀರು ಸಾಕಾಗುತ್ತೆ?"

"ಇವಳಿಗೆ ಬುದ್ಧಿ ಹೇಳಮ್ಮ," ಎಂದು ಅವನು ಒಳಗೆ ಕೂಗಿದ.

ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಮಗನನ್ನು ದಾಟಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ಪುಡಿ ಚೀಲ ಉಗ್ರಾಣದಲ್ಲಿದೆ. ಇವನು ಸಾಗಹಾಕೋ ಮುಂಚೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳೋಣ," ಎಂದಳು ಸೊಸೆಗೆ. "ಬಾ, ನನಗೂ ಬಾಯಿದೆ."

ಸಂಜೆಯೊಳಗೆ ಪೊಲೀಸರು ಬಂದು ಚೀಲಗಳನ್ನು ಹೊರಿಸಿಕೊಂಡು, ಭಾವನನ್ನೂ ಕರೆದೊಯ್ದರು. ನೆಂಟರು ಒಬ್ಬೊಬ್ಬರಾಗಿ ಬಂದು, ಮನೆಯ ಮಾನ ಹರಾಜು ಹಾಕಿದಿರೆಂದು ಅತ್ತೆ ಸೊಸೆಯರಿಗೆ ಛೀಮಾರಿ ಹಾಕಿ ಹೋದರು. ಆ ಮಗುವಿನ ಹೆಸರೇನೆಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.