ನಲವತ್ತೊಂದನೆಯ ಪ್ರಶ್ನೆ

“ಮೃತರಿಗೆ ನೀವು ಏನಾಗಬೇಕು?” ಎಂದು ಮೈಕು ಕೇಳಿದಳು.

“ಹೆಂಡತಿ.”

ಮೈಕು ಬರೆದುಕೊಂಡಳು. ಆ ಮದುವೆಯಲ್ಲಿ ಎರಡು ದಿನ ಓಡಾಡಿ ಕಾಲು ನೋಯಿಸಿಕೊಂಡವಳು ಅವಳೇ. ಆದರೂ ಕೇಳಲೇಬೇಕಿತ್ತು. ಗೊತ್ತಿರುವುದನ್ನು ತಾನಾಗಿ ತುಂಬಿಕೊಳ್ಳಬಾರದು, ಪ್ರತಿ ಪ್ರಶ್ನೆಯನ್ನೂ ಅಚ್ಚಾಗಿರುವ ಹಾಗೆಯೇ ಓದಬೇಕು ಎಂಬುದು ಅವರ ಕೆಲಸದ ಮೊದಲ ನಿಯಮ. ಅದನ್ನು ಮೈಕುವಿಗೆ ಕಲಿಸಿದವಳು ಈಗ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಉತ್ತರ ಹೇಳುವವರ ಜಾಗದಲ್ಲಿ, ಕೈಕಟ್ಟಿ ಕೂತಿದ್ದಳು. ಆಫೀಸಿನಲ್ಲಿ ಎಲ್ಲರಿಗೂ ಅವಳು ಟೀಚರಕ್ಕ.

ಎಂಟು ವರ್ಷದಿಂದ ಅವಳದು ಇದೇ ಕೆಲಸ. ಡಾಕ್ಟರ ಕಣ್ಣಿಗೆ ಬೀಳದೆ ಮನೆಯಲ್ಲೇ ತೀರಿಕೊಂಡವರ ಬಾಗಿಲಿಗೆ ಹೋಗಿ, ಜ್ವರ ಇತ್ತೇ, ಕೆಮ್ಮು ಇತ್ತೇ, ಕಾಲು ಊದಿತ್ತೇ ಎಂದು ಮನೆಯವರನ್ನು ಕೇಳುವುದು. ಹನ್ನೆರಡು ದೇಶಗಳಲ್ಲಿ ಇದೇ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಉತ್ತರಗಳನ್ನು ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಓದಿ, ಸತ್ತವರು ಯಾವ ಕಾಯಿಲೆಯಿಂದ ಹೋದರು ಎಂದು ನಿರ್ಧರಿಸುತ್ತಿದ್ದರು. ಹಾಗೆ ಸೇರಿದ ಲಕ್ಷಾಂತರ ಸಾವುಗಳಿಂದಲೇ ಬಡವರ ಬಡಾವಣೆಗಳಲ್ಲಿ ಕ್ಷಯ, ಮಲೇರಿಯಾಗಳಷ್ಟೇ ಬಿಪಿ, ಸಕ್ಕರೆ, ಹೃದಯದ ಕಾಯಿಲೆಗಳೂ ಜನರನ್ನು ಒಯ್ಯುತ್ತಿವೆ ಎಂದು ಗೊತ್ತಾದದ್ದು. ಅದಾದ ಮೇಲೆ ಸಣ್ಣ ಆಸ್ಪತ್ರೆಗಳ ಕಪಾಟಿಗೂ ಹೃದಯದ ಮಾತ್ರೆ ಬಂತು. ಅವಳೊಬ್ಬಳೇ ಸಾವಿರದ ನೂರು ಮನೆ ಮುಗಿಸಿದ್ದಳು. ವರದಿಯ ಚಿತ್ರದಲ್ಲಿ ಅವರ ಊರಿನ ಪಾಲು ಕೂದಲೆಳೆಯಷ್ಟು ಗೆರೆ.

ಮನೆಗಳನ್ನು ಕಂಪ್ಯೂಟರ್ ಆರಿಸುತ್ತಿತ್ತು. ಈ ತಿಂಗಳ ಪಟ್ಟಿಯಲ್ಲಿ ಏಳನೆಯದಾಗಿ ಅವಳದೇ ವಿಳಾಸ ಇತ್ತು. ಗಂಡ ಹೋಗಿ ಐದು ತಿಂಗಳಾಗಿತ್ತು. ಆಫೀಸಿನ ದೊಡ್ಡ ಡಾಕ್ಟರು ಒಳಗೆ ಕರೆದು, “ಬೇಡ ಅಂದ್ರೆ ಬೇಡಮ್ಮ. ಒಪ್ಪಲಿಲ್ಲ ಅಂತ ಹಾಕಿ ಬಿಟ್ಬಿಡೋಣ” ಎಂದಿದ್ದರು. ಬಾಗಿಲು ಹಾಕಿಕೊಂಡವರ ಮನೆಗೆ ಮೂರು ಸಲ ಹೋಗಿ ಒಪ್ಪಿಸಿದವಳು ಅವಳು. “ಮಾಡಲಿ ಸರ್” ಎಂದು ಎದ್ದು ಬಂದಿದ್ದಳು. ಹೆಚ್ಚು ಯೋಚಿಸಲಿಲ್ಲ. ಈಚೆಗೆ ಯಾವುದನ್ನೂ ಅವಳು ಹೆಚ್ಚು ಯೋಚಿಸುತ್ತಿರಲಿಲ್ಲ.

ಮೈಕುವಿಗೆ ಆ ಹೆಸರು ಬಂದದ್ದು ಅವಳ ದನಿಯಿಂದ. ಸಾವಿನ ಮನೆಯಲ್ಲಿ ಕೂತು ಪ್ರಶ್ನೆ ಕೇಳಿದರೂ ಆಚೆ ಬೀದಿಯವರು ಉತ್ತರ ಕೊಟ್ಟಾರು ಎಂದು ಆಫೀಸಿನವರು ನಗುತ್ತಿದ್ದರು. ಇವತ್ತು ಮಾತ್ರ ಆದಷ್ಟು ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ಅಮ್ಮ,” ಎಂದು ಅವಳು ಅಡುಗೆಮನೆಯ ಕಡೆ ತಿರುಗಿದಳು. “ಬೇಜಾರು ಮಾಡ್ಕೋಬೇಡಿ. ಒಬ್ರನ್ನೇ ಕೇಳ್ಬೇಕು ಅಂತ ನಿಯಮ. ಸ್ವಲ್ಪ ಹೊತ್ತು ಪಕ್ಕದ ಮನೆಗೆ…”

ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಬೆಳಕಿಗೆ ಮುಖ ಮಾಡಿ ಕೂತಿದ್ದರು. ಟೈಲರ್ ಅಂಗಡಿಗೆ ಕಾಜಾ ಮಾಡಿಕೊಡುವುದು ಅವರ ಕೆಲಸ. ಒಂದು ಬದಿಯಲ್ಲಿ ಗುಂಡಿಯಿಲ್ಲದ ಶರ್ಟುಗಳ ರಾಶಿ, ಮಡಿಲಲ್ಲಿ ಒಂದು ಶರ್ಟು.

“ನನ್ನ ಮಗನ ವಿಷಯ, ನಾನ್ಯಾಕೆ ಪಕ್ಕದ ಮನೆಗೆ ಹೋಗ್ಲಿ? ಈ ಮುದುಕಿಗೆ ಕಿವಿ ಕೇಳ್ಸಲ್ಲ ಅಂದ್ಕೊಂಡು ನಿನ್ನ ಕೆಲಸ ನೀನು ಮಾಡು.”

“ಕಿವಿ ಕೇಳ್ಸುತ್ತಲ್ಲಮ್ಮ ನಿಮಗೆ.”

“ನಿನ್ನ ದನಿ ಕಿವುಡರಿಗೂ ಕೇಳ್ಸುತ್ತೆ. ಅದು ನನ್ನ ತಪ್ಪಾ?”

ಮೈಕು ಟೀಚರಕ್ಕನ ಮುಖ ನೋಡಿದಳು. ಅವಳು ಸುಮ್ಮನೆ ತಲೆಯಾಡಿಸಿದಳು. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಎಷ್ಟೋ ಮನೆಗಳಲ್ಲಿ ಟೀಚರಕ್ಕ ತಾನೇ ಹೀಗೆ ಸೋತು, ‘ಇನ್ನೊಬ್ಬರು ಹತ್ತಿರದಲ್ಲಿದ್ದರು’ ಎಂಬ ಚೌಕಕ್ಕೆ ಗುರುತು ಹಾಕಿದ್ದಳು. ಮೈಕುವೂ ಹಾಕಿದಳು.

ಜ್ವರ? ಇಲ್ಲ. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು? ಇಲ್ಲ. ತೂಕ ಇಳಿದಿತ್ತೇ? ಇಲ್ಲ. ಆ ಕಾಗದಗಳ ಗುಣವೇ ಅದು. ‘ಹೌದು’ ಎಂದರೆ ಮುಂದಿನ ಪ್ರಶ್ನೆಗಳೆಲ್ಲ ಸಾಲಾಗಿ ಬರುತ್ತವೆ. ‘ಇಲ್ಲ’ ಎಂದರೆ ಬಾಣದ ಗುರುತು ಹಿಡಿದು ಎಷ್ಟೋ ಪ್ರಶ್ನೆ ಹಾರಿ ಮುಂದಿನ ಭಾಗಕ್ಕೆ ಹೋಗಬಹುದು. ಮೈಕು ಪುಟ ತಿರುವಿದಳು, ಮತ್ತೆ ತಿರುವಿದಳು.

“ಹೀಗೇ ಹೋದ್ರೆ ಟೀ ಆರೋದ್ರೊಳಗೆ ಮುಗ್ಸಿಬಿಡ್ತೀವಿ ಅಕ್ಕ” ಎಂದಳು. ಹೇಳಿದ ಮೇಲೆ ಹಾಗೆ ಹೇಳಬಾರದಿತ್ತು ಎನಿಸಿ ಲೋಟ ಎತ್ತಿಕೊಂಡು ಕುಡಿದಳು.

ಟೀಚರಕ್ಕನಿಗೆ ಮುಂದೆ ಏನಿದೆಯೆಂದು ಗೊತ್ತಿತ್ತು. ಪಟ್ಟಿಯಲ್ಲಿ ವಿಳಾಸ ಕಂಡ ದಿನದಿಂದ ಗೊತ್ತಿತ್ತು. ನಲವತ್ತೊಂದಕ್ಕೆ ಇಲ್ಲ ಎಂದರೆ ಐವತ್ತಮೂರಕ್ಕೆ ಹಾರಬಹುದು. ನಡುವೆ ಇರುವುದು ಹನ್ನೊಂದು ಪ್ರಶ್ನೆ.

“ಸಾವಿಗೆ ಮುಂಚಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೃತರಿಗೆ ಎದೆನೋವು, ಎದೆಯುರಿ ಅಥವಾ ಎದೆ ಹಿಡಿದಂತೆ ಆಗಿತ್ತೇ?”

ಗಂಡ ತೀರಿಕೊಂಡ ದಿನ, ಬೆಳಿಗ್ಗೆ ಏಳು ಮುಕ್ಕಾಲು. ಅತ್ತೆ ಕಾಜಾ ಮುಗಿಸಿದ ಶರ್ಟುಗಳ ಗಂಟು ಹೊತ್ತು ಆಗಲೇ ಅಂಗಡಿಗೆ ಹೋಗಿಯಾಗಿತ್ತು. ಅವಳು ಬ್ಯಾಗಿಗೆ ಫಾರಂಗಳನ್ನು ತುಂಬಿಕೊಳ್ಳುತ್ತಿದ್ದಳು. ಅವನು ಅರ್ಧ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಇಲ್ಲಿ ಏನೋ ಉರಿ ಕಣೇ” ಎಂದ. ಅವಳು ತಲೆಯೆತ್ತಿ ನೋಡಿದ್ದು ಒಂದೇ ಕ್ಷಣ. “ರಾತ್ರಿ ಅಷ್ಟು ಹೊತ್ತಿಗೆ ತಿಂದ್ರೆ ಇನ್ನೇನಾಗುತ್ತೆ? ಗ್ಯಾಸಿನ ಮಾತ್ರೆ ಡಬ್ಬೀಲಿದೆ ನೋಡು” ಎಂದು ಚಪ್ಪಲಿ ಮೆಟ್ಟಿದಳು. ಆ ದಿನ ಮೂರು ಮನೆ ಇತ್ತು. ಎರಡನೆಯ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕನಿಗೆ ಅವನ ಹೆಂಡತಿಯ ಬಗ್ಗೆ ಇದೇ ಪ್ರಶ್ನೆ ಓದಿದಳು. “ಉರಿ ಅಂದ್ಲಮ್ಮ, ನಾನು ಗ್ಯಾಸು ಅಂದೆ” ಎಂದು ಅವನು ಹೇಳಿದ. ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿದಳು. ಆಗಲೂ ಅವಳಿಗೆ ಮನೆಯ ನೆನಪಾಗಲಿಲ್ಲ. ಸಾವಿರದ ನೂರು ಮನೆಗಳಲ್ಲಿ ಆ ಮಾತು ಪ್ರಶ್ನೆ ಕೇಳಿದ ಮೇಲೆ ಬಂದಿತ್ತು. ತನ್ನ ಮನೆಯ ಬಾಗಿಲಲ್ಲಿ, ಯಾರೂ ಕೇಳದೆ ಬಂದ ಉತ್ತರವನ್ನು ಅವಳು ಗುರುತಿಸಲಿಲ್ಲ.

ಅಂಗಡಿಯಲ್ಲೇ ಕೂತು ಆ ದಿನದ ಕೆಲಸ ಮುಗಿಸಿ ನಾಲ್ಕು ಗಂಟೆಗೆ ಅತ್ತೆ ಬಂದು ಬಾಗಿಲು ತೆಗೆದಾಗ ಅವನು ಇದೇ ಕುರ್ಚಿಯಲ್ಲಿದ್ದ.

ಅಂದಿನಿಂದ ಅತ್ತೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. “ಒಂದು ಮಾತೂ ಆಡ್ದೆ ಹೋದ. ಹೆತ್ತವಳಿಗೆ ಬೇಡ, ಕಟ್ಕೊಂಡವಳಿಗಾದ್ರೂ ಹೇಳ್ಬೇಕೋ ಬೇಡ್ವೋ? ಚಿಕ್ಕಂದಿನಿಂದ್ಲೂ ಹಾಗೇ ಅವನು, ಗುಮ್ಮನ ಗುಸಕ.” ಹಾಗೆ ಹೇಳಿ ಸೊಸೆಯ ಬೆನ್ನು ಸವರುತ್ತಿದ್ದರು. ಸೊಸೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು.

ಮೈಕು ಕಾಯುತ್ತಿದ್ದಳು. ಉತ್ತರ ಬಾರದಿದ್ದರೆ ಮನಸ್ಸಿನಲ್ಲೇ ಹತ್ತು ಎಣಿಸಿ ಇನ್ನೊಮ್ಮೆ ಮಾತ್ರ ಓದಬೇಕು. ಓದಿದಳು. ಅಡುಗೆಮನೆಯಲ್ಲಿ ಕತ್ತರಿ ದಾರ ಕತ್ತರಿಸಿತು.

ಇಲ್ಲ ಎಂದರೆ ಇನ್ನು ಐದು ನಿಮಿಷ. ಆಮೇಲೆ ಇಬ್ಬರು ಡಾಕ್ಟರು ಓದಿ, ಹಿಡಿತಕ್ಕೆ ಏನೂ ಸಿಗದೆ, ‘ಕಾರಣ ತಿಳಿಯದು’ ಎಂದು ಬರೆಯುತ್ತಾರೆ. ವರದಿಯಲ್ಲಿ ಅದಕ್ಕೆ ಬೂದುಬಣ್ಣದ ಪಟ್ಟಿ ಇರುತ್ತದೆ. ಮೂವತ್ತಾರು ವರ್ಷದ ಗಂಡಸು, ಪ್ರೆಸ್ಸಿನ ಕೆಲಸ, ಆ ಬೂದುಬಣ್ಣದೊಳಗೆ ಹೋಗುತ್ತಾನೆ. ಅತ್ತೆ ಬೆನ್ನು ಸವರುತ್ತಲೇ ಇರುತ್ತಾರೆ.

ಮೈಕು ಮುಂದಕ್ಕೆ ಬಾಗಿದಳು. ಅವಳಿಗೆ ಏನೋ ಹೊಳೆದಿತ್ತು. ಪೆನ್ನಿನ ತುದಿ ಎರಡನೆಯ ಚೌಕದ ಮೇಲಿತ್ತು.

“ಅಕ್ಕ,” ಎಂದು ಪಿಸುಗುಟ್ಟಿದಳು. “ಇಲ್ಲ ಅಂತ ಹಾಕ್ಲಾ?”

ಟೀಚರಕ್ಕ ಅವಳ ಕೈಯನ್ನು ನೋಡಿದಳು. ಅವಳ ಬಾಯಿ ತಾನಾಗಿಯೇ ತೆರೆಯಿತು.

“ಹಾಗೆ ಕೇಳಬಾರದು” ಎಂದಳು. “ಎಷ್ಟು ಸಲ ಹೇಳಿದ್ದೀನಿ ನಿಂಗೆ? ಉತ್ತರ ನಾವು ಬಾಯಿಗೆ ಹಾಕಬಾರದು.”

“ಸಾರಿ ಅಕ್ಕ.”

“ಹೌದು ಅಂತ ಹಾಕು. ಎದೆಯುರಿ.”

ಅಡುಗೆಮನೆಯಲ್ಲಿ ಕತ್ತರಿ ನೆಲಕ್ಕಿಟ್ಟ ಸದ್ದಾಯಿತು. ಮೈಕು ಮೊದಲ ಚೌಕಕ್ಕೆ ಗುರುತು ಹಾಕಿದಳು. ಪುಟ ತಿರುವಲಿಲ್ಲ.

“ಅದು ಯಾವಾಗ ಶುರುವಾಯಿತು?”

“ಗೊತ್ತಿಲ್ಲ. ಹೇಳಿದ್ದು ಬೆಳಿಗ್ಗೆ ಏಳು ಮುಕ್ಕಾಲಿಗೆ.”

“ಮೃತರು ಅದನ್ನು ಯಾರಿಗೆ ಹೇಳಿದರು?”

“ನನಗೆ.”

ಮೈಕುವಿನ ಪೆನ್ನು ಒಂದು ಕ್ಷಣ ತಡೆದು ಮುಂದೆ ಹೋಯಿತು. ಅವಳ ಮುಖ ಕಾಗದದ ಮೇಲೇ ಇತ್ತು. ಈ ಭಾಗದಲ್ಲಿ ಉತ್ತರ ಹೇಳುವವರ ಮುಖ ನೋಡಬೇಡ ಎಂದು ಕಲಿಸಿದ್ದೂ ಟೀಚರಕ್ಕನೇ.

“ಆಗ ಏನು ಮಾಡಲಾಯಿತು? ಒಂದು, ಆಸ್ಪತ್ರೆಗೆ ಕರೆದೊಯ್ಯಲಾಯಿತು. ಎರಡು, ಡಾಕ್ಟರನ್ನು ಕರೆಸಲಾಯಿತು. ಮೂರು, ಮನೆಯಲ್ಲಿ ಔಷಧಿ ಕೊಡಲಾಯಿತು. ನಾಲ್ಕು, ಏನೂ ಮಾಡಲಿಲ್ಲ.”

“ನಾಲ್ಕು.”

“ಮನೆಯಲ್ಲಿ ಔಷಧಿ…”

“ಮಾತ್ರೆ ಡಬ್ಬೀಲಿದೆ ಅಂದೆ. ಕೊಡಲಿಲ್ಲ. ನಾಲ್ಕು ಹಾಕು.”

ಹನ್ನೊಂದು ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಅತ್ತೆ ಹೊಸ್ತಿಲಿಂದ ಎದ್ದು ಬಂದಿದ್ದರು. ಯಾವಾಗ ಎದ್ದರೋ ಇಬ್ಬರಿಗೂ ತಿಳಿಯಲಿಲ್ಲ. ಅವರ ಬಟ್ಟೆಗೆ ಬಿಳಿ ದಾರದ ತುಂಡುಗಳು ಅಂಟಿಕೊಂಡಿದ್ದವು.

“ನಿನಗೆ ಹೇಳಿದ್ನಾ?”

“ಹೇಳಿದ ಅತ್ತೆ.”

“ಏನಂತ?”

“ಇಲ್ಲಿ ಏನೋ ಉರಿ ಕಣೇ, ಅಂದ.”

“ಇನ್ನೊಂದ್ಸಲ ಹೇಳು.”

“ಇಲ್ಲಿ ಏನೋ ಉರಿ ಕಣೇ.”

ಅತ್ತೆ ಕೇಳಿಸಿಕೊಂಡರು. ಮೈಕು ಎದ್ದು ನಿಲ್ಲಲೋ ಬೇಡವೋ ತಿಳಿಯದೆ ಫಾರಂ ಅನ್ನು ಎದೆಗವಚಿಕೊಂಡು ಕೂತೇ ಇದ್ದಳು.

“ಐದು ತಿಂಗಳು” ಎಂದರು ಅತ್ತೆ. ದನಿ ಏರಲಿಲ್ಲ. “ಐದು ತಿಂಗಳಿಂದ ನಾನು ಅವನನ್ನ ಬೈತಿದ್ದೀನಿ. ಹಾಲಿನವಳಿಗೆ ಹೇಳಿದೆ, ಅಂಗಡಿಯವರಿಗೆ ಹೇಳಿದೆ. ಬಾಯಿ ಬಿಡದೆ ಹೋದ ಅಂತ. ನೀನು ಪಕ್ಕದಲ್ಲೇ ಕೂತ್ಕೊಂಡು ಬೈಸ್ದೆ.”

“ಹೂಂ.”

“ಒಂದಿನಾನೂ ಬೇಡ ಅನ್ನಲಿಲ್ಲ.”

“ಇಲ್ಲ ಅತ್ತೆ.”

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಟೀಚರಕ್ಕ ಬೈಗುಳಕ್ಕೆ ಕಾದಳು. ಬಂದರೆ ಅದನ್ನು ಇಟ್ಟುಕೊಳ್ಳಲು ತನ್ನಲ್ಲಿ ಜಾಗವಿದೆಯೇ ಎಂದು ಹುಡುಕಿದಳು. ಒಳಗೆ ಎಲ್ಲವೂ ಜೋಮು ಹಿಡಿದ ಕಾಲಿನ ಹಾಗಿತ್ತು.

“ಇಲ್ಲಿ ಅಂದ್ರೆ ಎಲ್ಲಿ?” ಎಂದು ಅತ್ತೆ ಕೇಳಿದರು.

“ಏನತ್ತೆ?”

“ಇಲ್ಲಿ ಉರಿ ಅಂದ್ನಲ್ಲ. ಎಲ್ಲಿ ಕೈ ಇಟ್ಕೊಂಡಿದ್ದ?” ಅತ್ತೆ ತಮ್ಮ ಬಲಗೈಯನ್ನು ಎದೆಯ ಮೇಲೆ, ಎಡಕ್ಕೆ ಇಟ್ಟುಕೊಂಡರು. “ಇಲ್ಲೇನಾ?”

“ಅಲ್ಲಲ್ಲ. ನಡುವೆ.”

“ಇಲ್ಲಿ?”

“ಇನ್ನೂ ಕೆಳಗೆ.”

ಅತ್ತೆಯ ಕೈ ತಡವರಿಸಿತು. ಟೀಚರಕ್ಕ ಕುರ್ಚಿಯಿಂದ ಎದ್ದು ಹೋಗಿ ಅವರ ಮಣಿಕಟ್ಟು ಹಿಡಿದಳು. ಎರಡು ಬೆರಳಿನಷ್ಟು ಕೆಳಗೆ ಸರಿಸಿದಳು. ಕೂದಲೆಳೆಯಷ್ಟು ಬಲಕ್ಕೆ.

“ಇಲ್ಲಿ” ಎಂದಳು.

ಅತ್ತೆ ಕಣ್ಣು ಮುಚ್ಚಿ, ಅಂಗೈಯನ್ನು ಅಲ್ಲಿಗೇ ಒತ್ತಿಕೊಂಡು ನಿಂತರು. ಅವಳು ಮಣಿಕಟ್ಟು ಬಿಡಲಿಲ್ಲ. ಮೈಕು ಐವತ್ತಮೂರನೆಯ ಪ್ರಶ್ನೆಯ ಮೇಲೆ ಬೆರಳಿಟ್ಟುಕೊಂಡು, ತಲೆಯೆತ್ತದೆ, ಕಾದಳು.