ದಾರ ಸುತ್ತಿದ ಚಾಕು

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಯಲ್ಲಿ ಮೂವತ್ತೊಂದು ಹಳೇ ಚಾಕು, ಅದರಲ್ಲಿ ಅರ್ಧ ಬೇಟೆಯವು! ಕುಂಬಾರಕೊಪ್ಪಲಿನಲ್ಲಿ ಇದನ್ನು ಹೇಳಿಕೊಂಡು ನಗದವರಿಲ್ಲ. ಕೊರಳಲ್ಲಿ ಲಿಂಗ, ಬೀರುವಿನಲ್ಲಿ ಚಾಕು ಎಂದು ಪ್ರೇಮಲೀಲಾ ಮದುವೆಯಾದಂದಿನಿಂದ ಗಂಡನನ್ನು ಆಡಿಕೊಳ್ಳುತ್ತಲೇ ಬಂದವರು. ಸದಾಶಿವಯ್ಯ ಕಿವಿಗೆ ಹಾಕಿಕೊಂಡರೆ ತಾನೇ? ಕಡಕೊಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಆಸಾಮಿ, ರಜೆ ಬಂತೆಂದರೆ ಗುಜರಿ ಅಂಗಡಿ ಸುತ್ತುತ್ತಿದ್ದರು. ಕಡವೆ ಕೊಂಬಿನ ಹಿಡಿಯದು ಕೃಷ್ಣಮೂರ್ತಿಪುರಂನ ವಕೀಲ ನಂಜುಂಡಯ್ಯನವರ ಮನೆಯದು. ಅವರ ತಾತ ಅರಮನೆಯ ಶಿಕಾರಿಗೆ ಮುಹೂರ್ತ ಇಟ್ಟುಕೊಟ್ಟು ಇನಾಮು ಪಡೆದದ್ದಂತೆ. ಮಹಾನುಭಾವರು ಅದರಲ್ಲಿ ಬಾಳೆಎಲೆ ಬಿಟ್ಟು ಇನ್ನೇನನ್ನೂ ಕೊಯ್ದವರಲ್ಲ. ಹೀಗೆ ಯಾವುದು ಯಾರದು, ಯಾವುದರ ಮೊನೆ ಎಲ್ಲಿ ಮುರಿಯಿತು, ಎಲ್ಲವೂ ಸದಾಶಿವಯ್ಯನವರ ನಾಲಿಗೆಯ ತುದಿಯಲ್ಲಿ. ಒಂದರ ಬಗ್ಗೆ ಕೇಳಿದವರು ಮೂರರ ಕಥೆ ಕೇಳದೆ ಮೇಲೇಳುವ ಹಾಗಿರಲಿಲ್ಲ.

ಒಂದು ಮಾತ್ರ ಗುಜರಿಯದಲ್ಲ. ಅದು ತಮ್ಮ ಮೃತ್ಯುಂಜಯನ ಪುಟ್ಟ ಚಾಕು. ಹತ್ತೊಂಬತ್ತಕ್ಕೇ ಕಾಮಾಲೆಯಾಗಿ ಹೋದವನು. ಹಿತ್ತಾಳೆ ಹಿಡಿಯ ಮೇಲಿನ ಮರ ಒಡೆದಾಗ ಗಾಳಿಪಟದ ದಾರಕ್ಕೆ ಅಂಟು ಬಳಿದು ತಾನೇ ಒತ್ತಾಗಿ ಸುತ್ತಿಕೊಂಡಿದ್ದ. ಅವನ ಅಂಗೈ ಬೆವರಿಗೆ ಆ ದಾರ ಕಪ್ಪಾಗಿ, ಹೆಬ್ಬೆರಳು ಕೂರುವ ಕಡೆ ತಗ್ಗು ಬಿದ್ದಿತ್ತು. ಮನೆಯಲ್ಲಿ ಅವನದೊಂದು ಫೋಟೋ ಇಲ್ಲ, ಒಂದು ಅಂಗಿ ಇಲ್ಲ. ನಲವತ್ತು ವರ್ಷದಿಂದ ಸದಾಶಿವಯ್ಯ ಆ ತಗ್ಗಿನಲ್ಲಿ ತಮ್ಮ ಹೆಬ್ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದರು. ಅವರ ಪಾಲಿಗೆ ಮೃತ್ಯುಂಜಯ ಉಳಿದಿದ್ದೇ ಅಲ್ಲಿ.

ಆಯುಧಪೂಜೆಗೆ ಚಾಕುಗಳಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸುವುದು ಅವರೇ. ಬೇರೆಯವರು ಮುಟ್ಟಿದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದರು. ಎರಡು ಸಾವಿರದ ಎರಡನೇ ಇಸವಿಯ ಹಬ್ಬದ ಹೊತ್ತಿಗೆ ಆ ಕೂಗಿಗೂ ಉಸಿರು ಉಳಿದಿರಲಿಲ್ಲ. ಮಂಡಿನೋವು ಸರಿ, ಅದಕ್ಕೆ ಮುಲಾಮು ಇದೆ. ಎಷ್ಟು ಮಲಗಿದರೂ ಹೋಗದ ಸುಸ್ತಿಗೆ ಏನು ಹಚ್ಚುವುದು?

ಬೆಳಿಗ್ಗೆ ಸೊಸೆ ರಕ್ಷಿತಾ ಬಾಗಿಲಲ್ಲಿ ನಿಂತು ಕೇಳಿದಳು. ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. "ಮಾವ, ಚಾಕುಗಳನ್ನ ಒರೆಸ್ಕೊಡ್ತೀರಾ? ಪೂಜೆಗೆ ಹೊತ್ತಾಗುತ್ತೆ."

"ನೀನೇ ಏನಾದ್ರೂ ಮಾಡ್ಕೊಂಡ್ಬುಡಮ್ಮ. ನಂಗೆ ಸಾಕಾಗೋಗಿದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ದಾರದ್ದನ್ನ ಮುಟ್ಟಬೇಡ ಎಂದು ಇನ್ನೊಂದು ಮಾತು ಸೇರಿಸಬೇಕಿತ್ತು. ಸೇರಿಸಲಿಲ್ಲ.

ಎದ್ದು, ಸ್ನಾನ ಮಾಡಿ, ವಿಭೂತಿ ಧರಿಸಿ ನಡುಮನೆಗೆ ಬಂದರೆ ಮಣೆಯ ಮೇಲೆ ಮೂವತ್ತೊಂದೂ ಪಳಪಳ ಅನ್ನುತ್ತಿವೆ. ಹುಣಸೆಹಣ್ಣು, ಸಬೀನಾ ಪುಡಿ ಹಾಕಿ ದೇವರ ಪಾತ್ರೆಯ ಹಾಗೆ ಉಜ್ಜಿದ್ದಳು ಪುಣ್ಯಾತ್ಗಿತ್ತಿ. ಕೊನೆಯ ಸಾಲಿನಲ್ಲಿ ಮೃತ್ಯುಂಜಯನ ಚಾಕು ಬೋಳಾಗಿ ಮಲಗಿತ್ತು.

"ಎಷ್ಟೊಂದು ಕೊಳೆ ಇತ್ತು ಮಾವ! ಇದಕ್ಕಂತೂ ಯಾರೋ ಗಲೀಜು ದಾರ ಸುತ್ಬುಟ್ಟಿದ್ರು. ಬಿಡಿಸೋಕೇ ಅರ್ಧ ಗಂಟೆ ಹಿಡೀತು. ನೋಡಿ, ಒಳಗೆ ಹಿತ್ತಾಳೆ ಹೆಂಗೆ ಹೊಳೀತಿದೆ!"

"ದಾರ ಎಲ್ಲಮ್ಮ?"

"ಹಂಡೆ ಒಲೆಗೆ ಹಾಕ್ಬುಟ್ಟೆ."

ಆ ಹಂಡೆಯ ನೀರನ್ನೇ ಮೈಮೇಲೆ ಸುರಿದುಕೊಂಡು ಬಂದಿದ್ದರು ಸದಾಶಿವಯ್ಯ.

ಹೂವಿನ ಬುಟ್ಟಿ ಹಿಡಿದು ಬಂದ ಪ್ರೇಮಲೀಲಾ ಮಣೆ ನೋಡಿದವರೇ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ! ಏನೇ ರಕ್ಷಿತಾ, ಅದು..."

"ಲೀಲಾ, ಹೂ ಕೊಡಿಲ್ಲಿ" ಎಂದು ಸದಾಶಿವಯ್ಯ ಮಾತು ತಡೆದರು.

ಹತ್ತು ವರ್ಷದ ಹಿಂದೆಯಾಗಿದ್ದರೆ ಬೀದಿಗೇ ಕೇಳುವಂತೆ ಬೈಯುತ್ತಿದ್ದರು. ಈಗ ಬೈದರೆ ಅವಳು ಅಳುತ್ತಾಳೆ, ಅತ್ತವಳನ್ನು ಸಮಾಧಾನ ಮಾಡಬೇಕು, ಅಷ್ಟೆಲ್ಲ ಆದಮೇಲೂ ಒಲೆಯೊಳಗಿನದು ಎದ್ದು ಬರುವುದಿಲ್ಲ. ಅವಳ ಬೆರಳುಗಳು ಹುಣಸೆಹುಳಿಗೆ ಸುಕ್ಕುಗಟ್ಟಿ ಕೆಂಪಾಗಿದ್ದವು, ಒಂದು ಉಗುರು ಮುರಿದಿತ್ತು. ಸದಾಶಿವಯ್ಯ ಒಂದೊಂದು ಚಾಕುವಿಗೂ ಹೂ ಇಡುತ್ತಾ ಬಂದರು.

"ಚೆನ್ನಾಗಿ ಉಜ್ಜಿದ್ದೀಯ ಕಣಮ್ಮ" ಎಂದರು.

ಪೂಜೆಯಾಯಿತು, ಕುಂಬಳಕಾಯಿ ಒಡೆದದ್ದಾಯಿತು. ಊಟ ಮುಗಿಸಿ ಒರಗೋಣ ಎನ್ನುವಾಗ ರಕ್ಷಿತಾ ಇನ್ನೂರು ಪುಟದ ಹೊಸ ನೋಟ್‌ಬುಕ್ ಹಿಡಿದು ಎದುರು ಕೂತಳು. "ಒಂದೊಂದರ ಕಥೇನೂ ಹೇಳಿ ಮಾವ, ಬರೆದಿಡ್ತೀನಿ. ನೀವು ಹೇಳ್ದಿದ್ರೆ ಮುಂದೆ ಯಾರಿಗ್ ಗೊತ್ತಿರುತ್ತೆ?"

ಎಷ್ಟು ಒಳ್ಳೆಯ ಮಾತು! ನಲವತ್ತು ವರ್ಷದಲ್ಲಿ ಒಬ್ಬರೂ ಬರೆದಿಡುತ್ತೇನೆ ಎಂದಿರಲಿಲ್ಲ. ಸದಾಶಿವಯ್ಯ ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ಬಾಳೆಎಲೆಯ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಆ ಬೋಳು ಚಾಕುವನ್ನು ಎತ್ತಿಕೊಂಡಳು.

"ಇದು ಯಾರದು ಮಾವ?"

ಸದಾಶಿವಯ್ಯ ಕೈಗೆ ತೆಗೆದುಕೊಂಡರು. ಹೆಬ್ಬೆರಳು ತಗ್ಗನ್ನು ಹುಡುಕಿತು, ಹಿತ್ತಾಳೆಯ ಮೇಲೆ ಜಾರಿತು. ಹೇಳಿಬಿಟ್ಟರೆ ಈ ಹುಡುಗಿ ಇನ್ನು ಪ್ರತಿ ಆಯುಧಪೂಜೆಗೂ ಬೇಯುತ್ತಾಳೆ. ಅಡುಗೆಮನೆಯಲ್ಲಿ ಪ್ರೇಮಲೀಲಾ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

"ನೆನಪಿಲ್ಲ ಕಣಮ್ಮ."

"ನಿಮಗಾ? ನೆನಪಿಲ್ವಾ?" ರಕ್ಷಿತಾ ಕಣ್ಣರಳಿಸಿದಳು. "ಹೋಗ್ಲಿ ಬುಡಿ, ಎಲ್ಲೋ ಗುಜರೀಲಿ ಸಿಕ್ಕಿರ್ಬೇಕು."

ಅವಳು ತಲೆ ಬಗ್ಗಿಸಿ ಬರೆದಳು: ಇಪ್ಪತ್ತೊಂಬತ್ತು. ಗುಜರಿಯದು. ಯಾರದೆಂದು ತಿಳಿಯದು.

"ಸರೀನಾ ಮಾವ?"

ಸದಾಶಿವಯ್ಯ ಕನ್ನಡಕ ಹಾಕಿಕೊಂಡು ಓದಿದರು.

"ಸರಿ" ಎಂದರು. "ಮುಂದಿನದು ತೆಗಿ."