ಫೈನಲ್ ಮುಗಿಯುವ ತನಕ

ಬೀದಿಯವರೆಲ್ಲ ಆ ದರ್ಜಿಯನ್ನು ಗೋಲಪ್ಪ ಎಂದೇ ಕರೆಯುತ್ತಿದ್ದರು. ಅವನ ಕತ್ತರಿಗೆ ಸಿಕ್ಕ ಕೋಟು ಮೈಗೆ ಅಚ್ಚು ಹೊಯ್ದಂತೆ ಕೂರುತ್ತದೆ ಎಂಬ ಹೆಸರಿತ್ತು. ಆದರೆ ಅದಕ್ಕಿಂತ ದೊಡ್ಡ ಹೆಸರು ಅವನ ಫುಟ್‌ಬಾಲ್ ಹುಚ್ಚಿನದು. ಊರಿನ ತಂಡದವರು ಹಳದಿ ಅಂಗಿ ತೊಡುತ್ತಿದ್ದರು. ಊರಿನ ಮೈದಾನದಲ್ಲಿ ಅವರು ಆಡಿದ ಪಂದ್ಯಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅವನು ತಪ್ಪಿಸಿಕೊಂಡದ್ದು ಒಂದೇ ಒಂದು. ಅದರ ಮಾತು ಆಮೇಲೆ ಬರುತ್ತದೆ.

ತಂಡ ಗೆದ್ದರೆ ಅಂಗಡಿಗೆ ಬಂದವರಿಗೆಲ್ಲ ಚಹಾ. ಸೋತರೆ ಮೂರು ದಿನ ಮುಖ ಗಂಟು. ಅವನು ಯಾರನ್ನೂ ಬೈಯುವವನಲ್ಲ, ಕೈ ಎತ್ತುವವನಂತೂ ಅಲ್ಲವೇ ಅಲ್ಲ. ಸುಮ್ಮನಾಗಿಬಿಡುತ್ತಿದ್ದ, ಅಷ್ಟೇ. ಆದರೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಬ್ಬ ಮನುಷ್ಯ ಮೂರು ದಿನ ತುಟಿ ಬಿಚ್ಚದಿದ್ದರೆ ಉಳಿದವರಿಗೆ ಉಸಿರಾಡಲು ಜಾಗವೆಲ್ಲಿ? ಭಾನುವಾರ ಸಂಜೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಯೇ ಹೆಂಡತಿ, ಮಗಳು ಫಲಿತಾಂಶ ಹೇಳಬಲ್ಲವರಾಗಿದ್ದರು. ಹೆಜ್ಜೆ ಭಾರವಾಗಿದ್ದರೆ ಒಲೆಯ ಮೇಲಿನ ಪಾತ್ರೆಯನ್ನೂ ಸದ್ದಾಗದಂತೆ ಇಳಿಸುತ್ತಿದ್ದರು. ಶಾಲೆಗೆ ಹೋಗುವ ಕಾಲದಲ್ಲಿ ಮಗಳು ಅಂಕಪಟ್ಟಿಗೆ ಸಹಿ ಹಾಕಿಸಲು ತಂಡ ಗೆಲ್ಲುವುದನ್ನೇ ಕಾಯುತ್ತಿದ್ದಳು. ಇದನ್ನು ಅವನೇ ಸ್ನೇಹಿತರ ಮುಂದೆ ಹೇಳಿ ನಗುತ್ತಿದ್ದ. ಈಗ ಅವಳು ಶಿಶುವಿಹಾರದಲ್ಲಿ ಟೀಚರು.

ಅಂಗಡಿಯಲ್ಲಿ ಅಳತೆ, ಕತ್ತರಿ, ಮಿಷನ್ನು ಅವನ ಪಾಲು. ಕೈಹೊಲಿಗೆಯೆಲ್ಲ ಹೆಂಡತಿಯದು. ಗುಂಡಿ ತೂರಿಸಲು ಅವಳು ಹೊಲಿದ ಕಾಜಾಗಳನ್ನು ನೋಡಿ, ಇಷ್ಟು ಒತ್ತಾಗಿ, ಇಷ್ಟು ಸಮನಾಗಿ ಕೈಯಲ್ಲಿ ಹೊಲಿಯಲು ಆಗುತ್ತದೆಯೇ ಎಂದು ಬೇರೆ ದರ್ಜಿಗಳೇ ಕೋಟಿನ ಅಂಚನ್ನು ಮಗುಚಿ ಮಗುಚಿ ನೋಡುತ್ತಿದ್ದರು.

ಆ ವರ್ಷ ಹಳದಿ ತಂಡ ಇಪ್ಪತ್ತೆರಡು ವರ್ಷಗಳ ಮೇಲೆ ಫೈನಲ್‌ಗೆ ಬಂತು. ಪಂದ್ಯವೂ ಊರಿನ ಮೈದಾನದಲ್ಲೇ. ಗೋಲಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾವುದೋ ಗುಂಗಿನಲ್ಲಿ ಒಂದೇ ಕೋಟಿಗೆ ಎರಡು ಎಡತೋಳು ಕತ್ತರಿಸಿ ಕೂತ.

ಫೈನಲ್ ಇದ್ದದ್ದು ಭಾನುವಾರ. ಗುರುವಾರ ಮಧ್ಯಾಹ್ನ ಕಾಜಾ ಹೊಲಿಯುತ್ತಿದ್ದ ಹೆಂಡತಿಗೆ ಬಲಗಣ್ಣಿನಲ್ಲಿ ಮಸಿ ಸಿಡಿದಂತೆ ಕಪ್ಪು ಚುಕ್ಕೆಗಳು ಕಂಡವು. ಕಣ್ಣು ತೊಳೆದುಕೊಂಡಳು, ಹೋಗಲಿಲ್ಲ. ಸಂಜೆಯ ಹೊತ್ತಿಗೆ ಮೂಲೆಯಲ್ಲೊಂದು ನೆರಳು, ಅರ್ಧ ಎಳೆದ ಪರದೆಯ ಹಾಗೆ. ಶುಕ್ರವಾರ ಆ ಪರದೆ ಇನ್ನಷ್ಟು ಒಳಗೆ ಸರಿಯಿತು. ಅವಳು ಯಾರಿಗೂ ಹೇಳಲಿಲ್ಲ. ಮಗಳಿಗೆ ಹೇಳಿದರೆ ಅವಳು ಅಪ್ಪನ ಕಿವಿಗೆ ಹಾಕದೆ ಬಿಡುವವಳಲ್ಲ. ಶನಿವಾರ ಬೆಳಿಗ್ಗೆ ಚಹಾ ಬಗ್ಗಿಸುವಾಗ ಅದು ಲೋಟದ ಪಕ್ಕಕ್ಕೆ ಬಿದ್ದು ಮೇಜೆಲ್ಲ ಹರಿಯಿತು. ಫೈನಲ್ ಟೆನ್ಷನ್ ನನಗಿಂತ ನಿನಗೇ ಜಾಸ್ತಿ ಆದ ಹಾಗಿದೆ ಎಂದು ಅವನು ರೇಗಿಸಿದ. ಅವಳೂ ನಕ್ಕು ಮೇಜು ಒರೆಸಿದಳು.

ಭಾನುವಾರ ಕೊನೆಯ ನಾಲ್ಕು ನಿಮಿಷ ಉಳಿದಿರುವಾಗ ಹಳದಿ ತಂಡ ಗೋಲು ಹೊಡೆದು ಕಪ್ ಗೆದ್ದಿತು. ಗೋಲಪ್ಪ ಗುರುತು ಪರಿಚಯವಿಲ್ಲದ ಗಂಡಸರನ್ನೆಲ್ಲ ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಮನೆಗೆ ಓಡಿ ಬಂದು ಹೆಂಡತಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಇಳಿಸಿದಾಗ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಅವನು ದಾರದ ಉಂಡೆಗಳನ್ನು ಆಟಗಾರರಂತೆ ಮೇಜಿನ ಮೇಲೆ ಜೋಡಿಸಿ, ಚೆಂಡು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಒಡೆದ ಗಂಟಲಲ್ಲೇ ವಿವರಿಸಿದ. ಅವಳು ತಲೆ ಓರೆ ಮಾಡಿ, ಬಲಗಣ್ಣಿಗೆ ಅಂಗೈ ಆನಿಸಿಕೊಂಡು ಕೂತಿದ್ದಳು. ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾಳೆ ಎಂದು ಅವನಿಗೆ ಖುಷಿಯಾಯಿತು.

ಸೋಮವಾರ ಬೆಳಿಗ್ಗೆ, ದಾರ ತರಲು ಪೇಟೆಗೆ ಹೋಗೋಣವೇ ಎಂದು ಕೇಳುವ ದನಿಯಲ್ಲಿ ಅವಳು ಹೇಳಿದಳು: "ರೀ, ಈ ಕಣ್ಣಲ್ಲಿ ಏನೂ ಕಾಣ್ತಿಲ್ಲ. ಆಸ್ಪತ್ರೆಗೆ ಹೋಗಿ ಬರೋಣ್ವಾ?"

ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಕಿತ್ತು ಬಂದಿದೆ ಎಂದರು. ಯಾವಾಗಿನಿಂದ ಎಂದು ಕೇಳಿದರು. ಗುರುವಾರದಿಂದ, ಎಂದಳು ಅವಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಅವಳನ್ನಲ್ಲ, ಅವನನ್ನು ನೋಡಿದರು. ಗುರುವಾರವೋ ಶುಕ್ರವಾರವೋ ಬಂದಿದ್ದರೆ ನೋಟದ ನಡುಭಾಗವನ್ನು ಬಹುಶಃ ಉಳಿಸಬಹುದಿತ್ತು, ಈಗ ಆಪರೇಷನ್ ಮಾಡುತ್ತೇವೆ, ಆದರೆ ತುಂಬ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಆಪರೇಷನ್ ಆದ ಮೇಲೆ, ಕಣ್ಣಿನ ಪರದೆ ಮತ್ತೆ ಅಂಟಿಕೊಳ್ಳಲೆಂದು, ಹತ್ತು ದಿನ ಅವಳು ಮುಖ ಕೆಳಗೆ ಮಾಡಿಯೇ ಮಲಗಬೇಕಿತ್ತು. ಮಂಚದ ಅಂಚಿನಿಂದ ಮುಖ ಹೊರಕ್ಕೆ ಚಾಚಿ ಮಲಗುತ್ತಿದ್ದಳು. ಅವನು ಅಂಗಡಿಗೆ ಬೀಗ ಹಾಕಿ ಮಂಚದ ಪಕ್ಕ ನೆಲದ ಮೇಲೆ ಕೂತ. ಊಟ, ಔಷಧಿ, ತಲೆ ಬಾಚುವುದು ಎಲ್ಲ ಅವನದೇ. ಮೂರನೆಯ ದಿನ, ಮಗಳು ಕೆಲಸಕ್ಕೆ ಹೋದ ಮೇಲೆ, ಅವನು ಕೇಳಿಯೇಬಿಟ್ಟ.

"ಗುರುವಾರವೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀವು ಬರ್ತಿದ್ರಿ."

"ಬರ್ದೆ ಇರ್ತಿದ್ನಾ? ಫೈನಲ್ ಅಲ್ಲ, ಅದರಪ್ಪ ಆಗಿದ್ರೂ ಬಿಟ್ಟು ನಿನ್ನ ಪಕ್ಕದಲ್ಲೇ ಕೂತಿರ್ತಿದ್ದೆ."

"ಕೂತಿರ್ತಿದ್ರಿ, ಗೊತ್ತು. ಅದಕ್ಕೇ ಹೇಳ್ಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತಲೇ, ಸಿಟ್ಟಿಲ್ಲದೆ ಹೇಳಿದಳು: "ನನ್ನ ತಂಗಿ ಮದುವೆ ದಿನ ಸೆಮಿಫೈನಲ್ ಬಿಟ್ಟು ಬಂದ್ರಿ. ತಂಡ ಸೋತಿತು. ಅವತ್ತು ನಾನು ಗ್ರೌಂಡಲ್ಲಿ ಇದ್ದಿದ್ರೆ ಅಂತ ಹನ್ನೊಂದು ವರ್ಷದಿಂದ ಹೇಳ್ತಾ ಇದೀರಿ. ಅವಳ ಎದುರಿಗೂ ಹೇಳಿದೀರಿ. ಇದು ಫೈನಲ್ಲು. ಸೋತಿದ್ರೆ ಸಾಯೋ ತನಕ ಕೇಳ್ಬೇಕಾಗ್ತಿತ್ತು. ಕಣ್ಣಿಂದು ನಾಲ್ಕು ದಿನ ತಡೆದ್ರಾಯ್ತು ಅಂದ್ಕೊಂಡೆ."

ತಾನು ಅದನ್ನು ತಮಾಷೆಗೆ ಹೇಳುತ್ತಿದ್ದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಹಾಗೆ ಹೇಳಿದಾಗಲೆಲ್ಲ ನಾದಿನಿ ನಗುತ್ತಿದ್ದಳೇ? ನೆನಪು ಮಾಡಿಕೊಳ್ಳಲು ನೋಡಿದ. ಒಂದೇ ಒಂದು ಸಲವೂ ಅವಳ ಮುಖದ ಕಡೆ ತಾನು ನೋಡಿರಲಿಲ್ಲ. ಅವನು ನೆಲದ ಮೇಲೆ ಅಂಗಾತ ಮಲಗಿ, ಹೆಂಡತಿಯ ಕೆಳಮುಖಕ್ಕೆ ಮುಖ ಕೊಟ್ಟು, ಅವಳ ಕೈ ಹಿಡಿದುಕೊಂಡ. ಬೆನ್ನಿಗೆ ನೆಲ ತಣ್ಣಗೆ ಕೊರೆಯುತ್ತಿತ್ತು.

ಆ ಕಣ್ಣಿಗೆ ಮತ್ತೆ ಬಂದದ್ದು ಬೆಳಕು ಯಾವುದು, ಕತ್ತಲೆ ಯಾವುದು ಎಂದು ತಿಳಿಯುವಷ್ಟೇ. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗದೆ ಸೂಜಿ ಬಟ್ಟೆಯ ಆಚೆಗೋ ಬೆರಳಿಗೋ ಚುಚ್ಚುತ್ತಿತ್ತು. ಎರಡು ತಿಂಗಳು ಹಟ ಹಿಡಿದು ನೋಡಿ, ಒಂದು ದಿನ ಅವಳು ಸೂಜಿಯ ಡಬ್ಬಿಯನ್ನು ಅವನ ಕಡೆ ಸರಿಸಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಅಂದಿನಿಂದ ಕಾಜಾ ಹೊಲಿಯುವವನು ಅವನೇ. ಅವನವು ಅಷ್ಟು ಚೆನ್ನಾಗಿ ಬರುವುದಿಲ್ಲ. ಹಳೆಯ ಗಿರಾಕಿಗಳು ಬೆರಳಾಡಿಸಿ ನೋಡಿ, ಸುಮ್ಮನೆ ಮಡಚಿಟ್ಟುಕೊಂಡು ಹೋಗುತ್ತಾರೆ.

ಇನ್ನು ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಅವನು ನಿರ್ಧರಿಸಿದ. ಗೋಡೆಯ ಮೇಲಿದ್ದ ತಂಡದ ಫೋಟೊ ತೆಗೆದಿಟ್ಟ. ಮೂರು ಭಾನುವಾರ ಅಂಗಡಿಯಲ್ಲಿ ಕೂತು ಹಾಕಿದ ಹೊಲಿಗೆಯನ್ನೇ ಮತ್ತೆ ಮತ್ತೆ ಬಿಚ್ಚಿದ. ನಾಲ್ಕನೆಯ ಭಾನುವಾರ ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ನನ್ನಿಂದಾಗಿ ಆಟ ನೋಡೋದು ಬಿಟ್ರಿ ಅಂತ ಇದನ್ನೂ ನನ್ನ ತಲೆಗೆ ಕಟ್ಬೇಡಿ. ಹೋಗಿ ಬನ್ನಿ," ಎಂದಳು.

ಅವನು ಹೋದ. ಕೂಗುವುದಿಲ್ಲ ಎಂದುಕೊಂಡೇ ಹೋಗಿದ್ದ. ಚೆಂಡು ಬಲೆಗೆ ಬಿದ್ದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವನು ಅವನೇ. ಕುಳಿತಾಗ ನಾಚಿಕೆಯಿಂದ ಕಿವಿ ಬಿಸಿಯಾದವು. ಇಷ್ಟೆಲ್ಲ ಆದ ಮೇಲೂ ಈ ಎದೆ ಹೀಗೆ ಜಿಗಿಯುತ್ತದಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ತಂಡ ಮೂರು ಗೋಲುಗಳಿಂದ ಸೋತಿತು. ಅವನು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಮಾತು ನಡೆದಿತ್ತು. ಅವನನ್ನು ಕಂಡು ಮಗಳು ಅರ್ಧಕ್ಕೇ ನಿಲ್ಲಿಸಿದಳು.

"ಏನೋ ಹೇಳ್ತಿದ್ದೆ?"

"ಏನಿಲ್ಲಪ್ಪ. ನಾಳೆ ಹೇಳ್ತೀನಿ."

ತನಗೇನೂ ಬೇಜಾರಾಗಿಲ್ಲ, ಈಗಲೇ ಹೇಳು ಎಂದ. ತಾಯಿ, ಮಗಳು ಇಬ್ಬರೂ ಬಟ್ಟೆ ಒಣಹಾಕುವ ಮೊದಲು ಮೋಡ ನೋಡುವ ಹಾಗೆ ಅವನ ಮುಖ ನೋಡಿದರು. ಅವನು ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತ.

"ಶಿಶುವಿಹಾರದಲ್ಲಿ ನನ್ನನ್ನ ಮುಖ್ಯ ಟೀಚರ್ ಮಾಡಿದಾರೆ," ಎಂದಳು ಮಗಳು ಕೊನೆಗೆ. "ಬುಧವಾರವೇ ಹೇಳಿದ್ರು."

ಬುಧವಾರ. ಅವನು ಮನಸ್ಸಿನಲ್ಲೇ ದಿನ ಎಣಿಸಿದ. ಸಿಹಿ ಸುದ್ದಿಗೂ ಕಾಯುವ ಮನೆ ತನ್ನದು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ಅವನಿಗಿರಲಿಲ್ಲ. ಎಷ್ಟು ಮಕ್ಕಳಿದ್ದಾರೆ, ಯಾವ ಕೋಣೆ ಕೊಡುತ್ತಾರೆ ಎಂದು ಕೇಳಿದ. ಅವಳು ಹೇಳತೊಡಗಿದಳು, ಮೆಲುದನಿಯಲ್ಲಿ, ನಡುನಡುವೆ ಅವನ ಮುಖ ನೋಡಿಕೊಳ್ಳುತ್ತ.